ಓದುಗರ ಪ್ರಶ್ನೆ: ಜೋರಾಗಿ ಉಸಿರಾಡಿಕೊಂಡು ಮುಳುಗಿದರೆ ಜಾಸ್ತಿ ಹೊತ್ತು ಇರಬಹುದಾ?

ಪ್ರಶ್ನೆ: ಈಜುಕೊಳದಲ್ಲಿ ಮುಖ ಮುಳುಗಿಸಿ, ಅಲ್ಲಾಡದೆ ತೇಲುತ್ತಾ ಉಸಿರು ಹಿಡಿಯುವ ಸ್ಟ್ಯಾಟಿಕ್ ಅಭ್ಯಾಸ ಮಾಡುತ್ತಿದ್ದೇನೆ. 2 ನಿಮಿಷ 40 ಸೆಕೆಂಡ್ ದಾಟಲು ಆಗುತ್ತಿಲ್ಲ. ಮೊದಲು ಇಪ್ಪತ್ತು ಮೂವತ್ತು ಸಲ ಜೋರಾಗಿ ಉಸಿರು ಎಳೆದು ಬಿಟ್ಟರೆ 3 ನಿಮಿಷ ಆರಾಮಾಗಿ ದಾಟುತ್ತೆ ಅಂತಾನೆ ಗೆಳೆಯ. ಮಾಡಲಾ?

ಉತ್ತರ: ಬೇಡ. 3 ನಿಮಿಷ ದಾಟಿದರೂ ದಾಟಬಹುದು, ತೊಂದರೆ ಇರುವುದೇ ಅಲ್ಲಿ.

‘ಇನ್ನು ಆಗಲ್ಲ, ಏಳು’ ಅಂತ ಒಳಗಿನಿಂದ ಒತ್ತಡ ಬರುತ್ತದಲ್ಲ, ಅದು ಆಮ್ಲಜನಕ ಮುಗಿದದ್ದಕ್ಕಲ್ಲ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿದ್ದಕ್ಕೆ. ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಎಷ್ಟೋ ಮನೆಗೆ ಬಂತು. ಆರೋಗ್ಯವಂತರು ಸುಮ್ನೆ ಕೂತಿದ್ದರೂ ಅದು ರಕ್ತದ ಆಮ್ಲಜನಕ ನೂರಕ್ಕೆ 97, 98 ಅಂತ ತೋರಿಸುತ್ತಿತ್ತು, ಅಲ್ವಾ? ಅಂದರೆ ಕೊಡ ಆಗಲೇ ತುಂಬಿದೆ. ಜೋರಾಗಿ ಉಸಿರಾಡಿದರೆ ಆಮ್ಲಜನಕ ಹೆಚ್ಚೇನೂ ಸೇರುವುದಿಲ್ಲ, ಕಾರ್ಬನ್ ಡೈಆಕ್ಸೈಡ್ ಮಾತ್ರ ಖಾಲಿಯಾಗುತ್ತದೆ. ಬೆರಳ ತುದಿ ಜುಮ್ಮೆನ್ನುವುದು, ತಲೆ ಹಗುರಾಗುವುದು ಅದರಿಂದಲೇ. ಆಮೇಲೆ ನೀರಿನಲ್ಲಿ ಎಚ್ಚರಿಕೆ ತಡವಾಗಿ ಬರುತ್ತದೆ. ಅಷ್ಟರಲ್ಲಿ ಆಮ್ಲಜನಕ ತೀರಾ ಇಳಿದರೆ ಹಾಯಾಗಿದೆ ಅನ್ನಿಸುತ್ತಿರುವಾಗಲೇ ಪ್ರಜ್ಞೆ ತಪ್ಪುತ್ತದೆ. ಚಿಕ್ಕವರಿದ್ದಾಗ ನಾವೂ ಬಾವಿಯಲ್ಲಿ ಬುಸ್ ಬುಸ್ ಅಂತ ಉಸಿರು ಬಿಟ್ಟೇ ಮುಳುಗುತ್ತಿದ್ದೆವು. ಯಾರಿಗೂ ಏನೂ ಆಗಲಿಲ್ಲ ಅನ್ನುವುದು ಬರೀ ಅದೃಷ್ಟ.

ಹಾಗಾದರೆ 2:40 ದಾಟುವುದು ಹೇಗೆ? ಹೊಟ್ಟೆ ಜಗ್ಗುವುದನ್ನು ಸಹಿಸಲು ಕಲಿತು. ನನಗೆ ಇದು ಎರಡು ನಿಮಿಷದ ಹೊತ್ತಿಗೆ ಶುರುವಾಗುತ್ತದೆ. ಪಕ್ಕೆಲುಬಿನ ಕೆಳಗೆ ಒಮ್ಮೆ ಎಳೆದ ಹಾಗೆ, ಸದ್ದಿಲ್ಲದ ಬಿಕ್ಕಳಿಕೆಯಂತೆ. ಸ್ವಲ್ಪ ಬಿಟ್ಟು ಇನ್ನೊಂದು. ಆಮೇಲೆ ಬೇಗ ಬೇಗ. ಅದು ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು, ತಾನಾಗಿಯೇ ಸೆಳೆದುಕೊಳ್ಳುವುದು. ಮೊದಮೊದಲು ಮೊದಲ ಜಗ್ಗಿಗೇ ಗಾಬರಿಯಾಗಿ ಏಳುತ್ತಿದ್ದೆ. ಈಗ ಕೊಳದ ಅಂಚಿನ ಟೈಲ್ಸಿಗೆ ಎರಡು ಬೆರಳು ತಾಗಿಸಿಕೊಂಡು ಭುಜ, ಕುತ್ತಿಗೆ, ದವಡೆ ಸಡಿಲ ಬಿಟ್ಟು ಜಗ್ಗುಗಳನ್ನು ಎಣಿಸುತ್ತೇನೆ.

ಇದನ್ನು ರೂಢಿಸಿಕೊಳ್ಳಲು ನೀರೇ ಬೇಕಿಲ್ಲ. ಹಾಸಿಗೆಯಲ್ಲಿ ಮಲಗಿ, ನಿಮ್ಮ ಗರಿಷ್ಠದ ಅರ್ಧ, ಅಂದರೆ 1:20, ಎಂಟು ಸಲ ಹಿಡಿಯಿರಿ. ನಡುವಿನ ವಿಶ್ರಾಂತಿ 2 ನಿಮಿಷದಿಂದ ಶುರುವಾಗಿ ಪ್ರತಿಸಲ 15 ಸೆಕೆಂಡ್ ಕಮ್ಮಿಯಾಗಲಿ. ವಿಶ್ರಾಂತಿಯಲ್ಲೂ ಮಾಮೂಲಿ ಉಸಿರು, ಜೋರು ಬೇಡ. ಕೊಳದಲ್ಲಿ ಮೊದಲ ಪ್ರಯತ್ನಕ್ಕೇ ದಾಖಲೆ ನೋಡಬೇಡಿ. ಮುಖ ನೀರಿಗೆ ಬಿದ್ದಾಗ ಎದೆಬಡಿತ ನಿಧಾನವಾಗುತ್ತದೆ, ಗುಲ್ಮ (ಸ್ಪ್ಲೀನ್) ಕುಗ್ಗಿ ಕೆಂಪು ರಕ್ತಕಣಗಳನ್ನು ರಕ್ತಕ್ಕೆ ಬಿಡುತ್ತದೆ. ಒಂದೆರಡು ಸಣ್ಣ ಸುತ್ತು ಆದಮೇಲೆ ಮೈ ಹದಕ್ಕೆ ಬರುತ್ತದೆ.

ವಾಟ್ಸ್ಆ್ಯಪ್‌ನಲ್ಲಿ ‘24 ನಿಮಿಷ ಉಸಿರು ಹಿಡಿದ’ ವಿಡಿಯೋ ನೋಡಿ ಬೇಜಾರು ಮಾಡಿಕೊಳ್ಳಬೇಡಿ. ಕ್ರೊಯೇಷಿಯಾದ ಬುಡಿಮಿರ್ ಶೋಬಟ್ 2021ರಲ್ಲಿ 24 ನಿಮಿಷ 37 ಸೆಕೆಂಡ್ ಇದ್ದದ್ದು ಮೊದಲೇ ಶುದ್ಧ ಆಮ್ಲಜನಕ ಎಳೆದುಕೊಂಡು. ಬರೀ ಗಾಳಿ ಎಳೆದುಕೊಂಡು ಫ್ರಾನ್ಸಿನ ಸ್ಟೆಫಾನ್ ಮಿಫ್ಸೂದ್ 2009ರಲ್ಲಿ ಮಾಡಿದ್ದು 11 ನಿಮಿಷ 35 ಸೆಕೆಂಡ್. ಎರಡೂ ಬೇರೆ ಬೇರೆ ಆಟ. ಅಂದಹಾಗೆ, ಉಸಿರು ಹಿಡಿದು ಮುಳುಗುವ ಆಟದ ಅಂತರರಾಷ್ಟ್ರೀಯ ಸಂಸ್ಥೆ ಐಡಾದ ಸ್ಪರ್ಧೆಗಳಲ್ಲಿ ಎದ್ದ 15 ಸೆಕೆಂಡಿನೊಳಗೆ ಮುಖದ ಕನ್ನಡಕ ತೆಗೆದು, ಕೈಸನ್ನೆ ಮಾಡಿ, ‘ಐ ಆ್ಯಮ್ ಓಕೆ’ ಅನ್ನಬೇಕು. ಪ್ರಜ್ಞೆ ತಪ್ಪಿದರೆ ಎಷ್ಟೇ ನಿಮಿಷವಾಗಿದ್ದರೂ ಲೆಕ್ಕಕ್ಕಿಲ್ಲ.

ಆ ಗೆಳೆಯನನ್ನೇ ಕೊಳಕ್ಕೆ ಕರೆದುಕೊಂಡು ಹೋಗಿ. ಒಬ್ಬರೇ ಮಾತ್ರ ಬೇಡ, ಮೊಣಕಾಲುದ್ದ ನೀರಾದರೂ ಬೇಡ. ಅವನು ಮೊಬೈಲ್ ಬದಿಗಿಟ್ಟು ನಿಮ್ಮ ಪಕ್ಕ ನೀರಿನಲ್ಲೇ ನಿಲ್ಲಲಿ. 2 ನಿಮಿಷವಾದ ಮೇಲೆ ಪ್ರತಿ 15 ಸೆಕೆಂಡಿಗೆ ಭುಜ ತಟ್ಟಲಿ, ನೀವು ತೋರುಬೆರಳು ಎತ್ತಿ. ಎತ್ತದಿದ್ದರೆ ತಕ್ಷಣ ಇನ್ನೊಮ್ಮೆ ತಟ್ಟಬೇಕು. ಆಗಲೂ ಬೆರಳು ಏಳದಿದ್ದರೆ ಯೋಚನೆ ಮಾಡುತ್ತಾ ನಿಲ್ಲದೆ ಮುಖವನ್ನು ನೀರಿನಿಂದ ಮೇಲೆತ್ತಬೇಕು. ನೀವಾಗಿಯೇ ಎದ್ದು ನಕ್ಕರೂ ಅರ್ಧ ನಿಮಿಷ ಅವನು ಕಣ್ಣು ತೆಗೆಯಬಾರದು. ಹೊಸ ಉಸಿರಿನ ಆಮ್ಲಜನಕ ಮೆದುಳು ತಲುಪಲು ಕೆಲವು ಸೆಕೆಂಡ್ ಬೇಕು, ಎದ್ದಮೇಲೆ ಕುಸಿದುಬೀಳುವವರೂ ಇದ್ದಾರೆ.