ಅಸೆಸರ್ ಮನೆಗೆ ಬರುವ ಮುನ್ನ ಅತ್ತೆಯವರನ್ನು ಹೇಗೆ ಸಿದ್ಧಗೊಳಿಸಬೇಕು?

ಪ್ರಶ್ನೆ: ನಾವು ಮೆಲ್ಬರ್ನ್‌ನಲ್ಲಿದ್ದೇವೆ. ನಮ್ಮೊಡನೆ ಇರುವ ಅತ್ತೆಯವರಿಗೆ 79 ವರ್ಷ, ಇಲ್ಲಿನ ಕಾಯಂ ನಿವಾಸಿ. ಮನೆಯಲ್ಲೇ ನೆರವು ಸಿಗಲೆಂದು ಹಿರಿಯರ ಆರೈಕೆಯ ಸರ್ಕಾರಿ ಸೇವೆಯಾದ ಮೈ ಏಜ್ಡ್ ಕೇರ್‌ಗೆ ಫೋನ್ ಮಾಡಿ ನೋಂದಾಯಿಸಿದ್ದೇವೆ. ಮುಂದಿನ ತಿಂಗಳು ಅಸೆಸರ್ (ಎಷ್ಟು ನೆರವು ಬೇಕೆಂದು ಅಂದಾಜಿಸುವವರು) ಮನೆಗೆ ಬರುತ್ತಾರೆ. ಆದರೆ ಯಾರು ವಿಚಾರಿಸಿದರೂ ಅತ್ತೆಯವರು, "ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೇನೆ" ಎನ್ನುತ್ತಾರೆ. ನಾವು ಏನು ಸಿದ್ಧತೆ ಮಾಡಿಕೊಳ್ಳಬೇಕು?

ಉತ್ತರ: ನಿಮ್ಮ ಸಿದ್ಧತೆಯ ಮುಕ್ಕಾಲು ಪಾಲು ಆ ಗುಂಡುಕಲ್ಲಿನ ಮಾತಿಗೆ ಸಂಬಂಧಿಸಿದ್ದು. ಬರುವವರು ಕುಶಲ ವಿಚಾರಿಸಲು ಬಂದ ನೆಂಟರಲ್ಲ, ತಪ್ಪು ಹುಡುಕಲು ಬಂದ ಇನ್‌ಸ್ಪೆಕ್ಟರೂ ಅಲ್ಲ. ಯಾರ ಸಹಾಯವೂ ಇಲ್ಲದಿದ್ದರೆ ಈ ಹಿರಿಯರಿಂದ ಯಾವ ಕೆಲಸ ಆಗುತ್ತದೆ, ಯಾವುದು ಆಗುವುದಿಲ್ಲ ಎಂಬುದನ್ನು ಬರೆದುಕೊಂಡು ಹೋಗುವುದು ಅವರ ಕೆಲಸ. ಇದನ್ನು ಅತ್ತೆಯವರಿಗೆ ಮೊದಲೇ ನಿಧಾನವಾಗಿ ತಿಳಿಸಿ ಹೇಳಿ.

ಪರಿಚಿತರು ಎರಡು ಮೂರು ವರ್ಷಗಳ ಹಿಂದಿನ ತಮ್ಮ ಅನುಭವ ಹೇಳಿದರೆ ಅದನ್ನು ಪೂರ್ತಿ ನೆಚ್ಚಿಕೊಳ್ಳಬೇಡಿ. 2024ರ ಡಿಸೆಂಬರ್ 9ರಿಂದ ಆಸ್ಟ್ರೇಲಿಯಾದಲ್ಲಿ ಒಂದೇ ಬಗೆಯ ಅಸೆಸ್‌ಮೆಂಟ್ ವ್ಯವಸ್ಥೆ ಬಂದಿದೆ. 2025ರ ನವೆಂಬರ್ 1ರಿಂದ ಹೊಸ ಏಜ್ಡ್ ಕೇರ್ ಕಾನೂನು ಜಾರಿಯಾಗಿ, ನಾಲ್ಕು ಹಂತಗಳಿದ್ದ ಹಳೆಯ ಹೋಮ್ ಕೇರ್ ಪ್ಯಾಕೇಜಿನ ಜಾಗಕ್ಕೆ ಸಪೋರ್ಟ್ ಅಟ್ ಹೋಮ್ ಯೋಜನೆ ಬಂದಿದೆ. ಇದರಲ್ಲಿ ದೀರ್ಘಕಾಲದ ನೆರವಿಗೆ ಎಂಟು ವರ್ಗಗಳಿದ್ದು, ಎಂಟನೆಯ ವರ್ಗಕ್ಕೆ ವರ್ಷಕ್ಕೆ ಸುಮಾರು 78,000 ಡಾಲರ್ ದೊರೆಯುತ್ತದೆ. ವಾರಕ್ಕೊಮ್ಮೆ ಮನೆ ಸ್ವಚ್ಛಗೊಳಿಸುವಂತಹ ಒಂದೆರಡು ಸೇವೆಗಳಷ್ಟೇ ಸಾಕಾಗುವವರಿಗೆ ಕಾಮನ್‌ವೆಲ್ತ್ ಹೋಮ್ ಸಪೋರ್ಟ್ ಪ್ರೋಗ್ರಾಂ ಪ್ರತ್ಯೇಕವಾಗಿ ಮುಂದುವರಿದಿದೆ. ಅಸೆಸ್‌ಮೆಂಟಿಗೆ ಶುಲ್ಕವಿಲ್ಲ.

ಅಸೆಸರ್ ನಿಗದಿತ ಪ್ರಶ್ನಾವಳಿಯನ್ನು ಮುಂದಿಟ್ಟುಕೊಂಡು ಸ್ನಾನ, ಬಟ್ಟೆ ತೊಡುವುದು, ಶೌಚ, ಮೆಟ್ಟಿಲು ಹತ್ತುವುದು, ಅಡುಗೆ, ಮಾತ್ರೆ ತೆಗೆದುಕೊಳ್ಳುವುದು, ಅಂಗಡಿಗೆ ಹೋಗುವುದು, ಹಣದ ವ್ಯವಹಾರ, ನೆನಪಿನ ಶಕ್ತಿ, ಮನಸ್ಸಿನ ಸ್ಥಿತಿ ಹೀಗೆ ಒಂದೊಂದನ್ನಾಗಿ ಕೇಳುತ್ತಾರೆ. ಆ ಉತ್ತರಗಳನ್ನು ಲೆಕ್ಕಕ್ಕೆ ತೆಗೆದುಕೊಂಡು ವರ್ಗವನ್ನು ಸೂಚಿಸುವುದು ಗಣಕದ ಸೂತ್ರವಾದ್ದರಿಂದ, ಸಂಕೋಚದಿಂದ ಹೇಳಿದ ಒಂದು "ಆಗುತ್ತೆ" ಎಂಬ ಉತ್ತರವೂ ಅಲ್ಲಿ ಎಣಿಕೆಗೆ ಬರುತ್ತದೆ.

ನಮ್ಮ ಹಿರಿಯರ ಮಾತಿನ ರೀತಿಯೇ ಇಲ್ಲಿ ತೊಡಕಾಗುವುದುಂಟು. "ಬಿದ್ದಿದ್ದೀರಾ?" ಎಂದು ಕೇಳಿದರೆ ಇಲ್ಲವೆನ್ನುತ್ತಾರೆ, ಏಕೆಂದರೆ ಬಚ್ಚಲಲ್ಲಿ ಆದದ್ದು ಅವರ ಲೆಕ್ಕದಲ್ಲಿ ಬಿದ್ದದ್ದಲ್ಲ, "ಸ್ವಲ್ಪ ಜಾರಿದ್ದು". "ಬಟ್ಟೆ ತಾವೇ ತೊಡುತ್ತೀರಾ?" ಎಂದರೆ ಹೌದೆನ್ನುತ್ತಾರೆ, ನೆರಿಗೆ ಹಿಡಿಯಲು ಬೆರಳು ಬಗ್ಗದೆ ವರ್ಷದಿಂದ ಸೀರೆ ಬಿಟ್ಟು ನೈಟಿಗೆ ಬಂದದ್ದನ್ನು ಹೇಳುವುದಿಲ್ಲ. ದೇವರ ಮುಂದೆ ನೆಲದ ಮೇಲೆ ಕೂರುತ್ತಿದ್ದವರು ಈಗ ನಿಂತೇ ದೀಪ ಹಚ್ಚುತ್ತಿದ್ದರೆ, ಒಲೆ ಆರಿಸಲು ಮರೆತಾರೆಂಬ ಭಯದಿಂದ ನೀವು ಮಧ್ಯಾಹ್ನಕ್ಕೆ ಮೊಸರನ್ನ ಕಲಸಿಟ್ಟು ಕೆಲಸಕ್ಕೆ ಹೋಗುತ್ತಿದ್ದರೆ, ಅವೆಲ್ಲ ಹೇಳಲೇಬೇಕಾದ ಸಂಗತಿಗಳು. ಇದು ಸುಳ್ಳು ಹೇಳಿಸುವ ಅಥವಾ ನರಳಿ ತೋರಿಸುವ ಪಾಠವಲ್ಲ. ಮಂಡಿ ಊದಿದ ದಿನ ಹೇಗಿರುತ್ತದೆ, ಅಂಥ ದಿನ ವಾರದಲ್ಲಿ ಎಷ್ಟು ಸಲ ಬರುತ್ತದೆ ಎಂಬುದನ್ನು ಇದ್ದದ್ದು ಇದ್ದ ಹಾಗೆ ಹೇಳಿದರೆ ಸಾಕು.

ಇದಕ್ಕೆ ನಾನು ಸೂಚಿಸುವ ಉಪಾಯವೆಂದರೆ, ಅಸೆಸರ್ ಬರುವ ಮುಂಚಿನ ಒಂದು ವಾರ ಒಂದು ನೋಟ್‌ಬುಕ್ಕಿನಲ್ಲಿ ನೀವು ಮತ್ತು ನಿಮ್ಮ ಪತಿ ಅವರಿಗಾಗಿ ಮಾಡಿದ್ದನ್ನೆಲ್ಲ ಬರೆದಿಡುವುದು. "ಬೆಳಗ್ಗೆ ಮಂಚದಿಂದ ಎಬ್ಬಿಸಲು ಕೈ ಕೊಟ್ಟೆ, ತಲೆಗೆ ನಾನೇ ನೀರು ಹಾಕಿದೆ, ರಾತ್ರಿ ಎರಡು ಸಲ ಶೌಚಾಲಯದವರೆಗೆ ಜೊತೆಗೆ ಹೋದೆವು" ಎಂಬಂತೆ ಬರೆದರೆ ಸಾಕು. ದಿನನಿತ್ಯ ಮಾಡುವ ಕೆಲಸ ಮನೆಯವರಿಗೆ ಕೆಲಸವೆಂದೇ ತೋರುವುದಿಲ್ಲವಾದ್ದರಿಂದ, ಹೀಗೆ ಬರೆದಿಡದಿದ್ದರೆ ಅಸೆಸರ್ ಎದುರಿಗೆ ಕುಳಿತಾಗ ಅರ್ಧಕ್ಕರ್ಧ ಮರೆತುಹೋಗುತ್ತದೆ.

ಭಾಷೆಯ ವಿಷಯದಲ್ಲಿ ಒಂದು ಎಚ್ಚರ. ಮಗನೇ ಇಂಗ್ಲಿಷಿಗೆ ತಿರುಗಿಸಿ ಹೇಳಿದರಾಯಿತು ಎಂದುಕೊಳ್ಳಬೇಡಿ. ಮೂತ್ರ ಹಿಡಿದಿಡಲಾಗದ ತೊಂದರೆಯನ್ನು ಮಗನ ಎದುರು ಬಾಯಿಬಿಟ್ಟು ಹೇಳುವ ತಾಯಂದಿರು ವಿರಳ. ಮಗನೂ ತಾಯಿಯ ಮಾತನ್ನು ತನಗೆ ತೋಚಿದಂತೆ ತಿದ್ದಿ ಹೇಳಿಬಿಡುತ್ತಾನೆ. ದುಭಾಷಿಯ ಸೇವೆ ಉಚಿತ. 131 450 ಸಂಖ್ಯೆಗೆ ಕರೆ ಮಾಡಿ, ತಮ್ಮ ಭಾಷೆಯನ್ನು ತಿಳಿಸಿ, ಮೈ ಏಜ್ಡ್ ಕೇರ್‌ನ 1800 200 422ಕ್ಕೆ ಜೋಡಿಸುವಂತೆ ಕೇಳಬಹುದು. ಭೇಟಿಯ ದಿನಕ್ಕೂ ಕನ್ನಡ ಬಲ್ಲ ದುಭಾಷಿ, ಸಾಧ್ಯವಾದರೆ ಮಹಿಳೆ, ಬೇಕೆಂದು ಸಮಯ ಗೊತ್ತುಮಾಡುವಾಗಲೇ ತಿಳಿಸಿ. ನೆನಪಿನ ಶಕ್ತಿಯ ಪ್ರಶ್ನೆಗಳ ಮಟ್ಟಿಗಂತೂ ಇದು ಇನ್ನೂ ಮುಖ್ಯ; ಅತ್ತೆಯವರು ತಡವರಿಸಿದ್ದು ಮರೆವಿನಿಂದಲೋ ಇಂಗ್ಲಿಷಿನಿಂದಲೋ ಎಂಬ ಗೊಂದಲ ಉಳಿಯಬಾರದು. ಅವರು ಉತ್ತರ ಹುಡುಕುತ್ತಿರುವಾಗ ನೀವು ಪಕ್ಕದಿಂದ ಎತ್ತಿಕೊಡಬಾರದು.

ಕಾಗದಪತ್ರಗಳು ಹೆಚ್ಚಿಲ್ಲ: ಮೆಡಿಕೇರ್ ಕಾರ್ಡು, ಗುರುತಿನ ಮತ್ತೊಂದು ದಾಖಲೆ, ಜಿಪಿಯ (ಕುಟುಂಬ ವೈದ್ಯರ) ವಿವರ, ತಜ್ಞರ ಪತ್ರಗಳು, ಮಾತ್ರೆಗಳ ಪಟ್ಟಿ. ಈ ಪಟ್ಟಿಯಲ್ಲಿ ಊರಿನಿಂದ ತರಿಸುವ ಆಯುರ್ವೇದದ ಚೂರ್ಣ, ತೈಲಗಳೂ ಇರಲಿ. ಮಂಡಿಯ ಶಸ್ತ್ರಚಿಕಿತ್ಸೆಯೋ ಹೃದಯದ ಚಿಕಿತ್ಸೆಯೋ ಭಾರತದಲ್ಲಿ ಆಗಿದ್ದರೆ ಅದರ ಡಿಸ್ಚಾರ್ಜ್ ಸಮ್ಮರಿಯನ್ನು ಹುಡುಕಿ ಇಟ್ಟುಕೊಳ್ಳಿ, ಏಕೆಂದರೆ ಇಲ್ಲಿನ ಜಿಪಿಯ ಕಡತದಲ್ಲಿ ಅದು ಇರುವ ಸಂಭವ ಕಡಿಮೆ. ಮನೆಯನ್ನು ತೊಳೆದು ಬಳಿದು ಇಡುವ ಅಗತ್ಯವಿಲ್ಲ. ಬಚ್ಚಲಿನಲ್ಲಿ ಆಸರೆಗೆ ಇಟ್ಟುಕೊಂಡ ಪ್ಲಾಸ್ಟಿಕ್ ಸ್ಟೂಲನ್ನು ನೆಂಟರು ಬರುವಾಗ ಎತ್ತಿಡುವಂತೆ ಎತ್ತಿಡದೆ ಅಲ್ಲಿಯೇ ಬಿಡಿ. ಹಿಡಿಕೆ, ಇಳಿಜಾರು ಹಲಗೆಯಂತಹ ಸಲಕರಣೆಗಳಿಗೂ ಮನೆಯ ಮಾರ್ಪಾಡಿಗೂ ಈ ಯೋಜನೆಯಲ್ಲಿ ಬೇರೆಯೇ ಹಣವಿದೆ.

ಇನ್ನು ನಿಮ್ಮ ವಿಷಯ. ಅತ್ತೆಯವರು ಅಭಿಮಾನದಿಂದ, "ನಮ್ಮ ಸೊಸೆ ಎಲ್ಲ ನೋಡಿಕೊಳ್ಳುತ್ತಾಳೆ" ಎಂದರೆ ಅದು ನಿಮಗೆ ಸಂದ ಮೆಚ್ಚುಗೆ ನಿಜ, ಆದರೆ ಪ್ರಶ್ನಾವಳಿಯಲ್ಲಿ ಅದು ಮನೆಯಲ್ಲಿ ನೋಡಿಕೊಳ್ಳುವವರು ಇದ್ದಾರೆ ಎಂಬ ಉತ್ತರವಾಗಿ ನಿಲ್ಲುತ್ತದೆ. ನೀವು ಎಷ್ಟು ಗಂಟೆ ಹೊರಗೆ ದುಡಿಯುತ್ತೀರಿ, ರಾತ್ರಿ ನಿದ್ದೆ ಎಷ್ಟು ಸಲ ಕೆಡುತ್ತದೆ, ನಿಮ್ಮ ಬೆನ್ನಿಗೆ ಏನಾಗಿದೆ ಎಂಬುದನ್ನೂ ಹೇಳಿ. ಅವರೆದುರು ಹೇಳಲು ಮನಸ್ಸೊಪ್ಪದಿದ್ದರೆ ಅಸೆಸರೊಡನೆ ಪ್ರತ್ಯೇಕವಾಗಿ ಮಾತನಾಡಲು ಐದು ನಿಮಿಷ ಕೇಳಿಕೊಳ್ಳುವುದರಲ್ಲಿ ತಪ್ಪಿಲ್ಲ.

ಹಣದ ಬಗ್ಗೆ ಚುಟುಕಾಗಿ ಹೇಳುವುದಾದರೆ, ನರ್ಸಿಂಗ್, ಫಿಸಿಯೊಥೆರಪಿಯಂತಹ ಚಿಕಿತ್ಸಾ ಸೇವೆಗಳಿಗೆ ಹಿರಿಯರು ಏನೂ ಕೊಡಬೇಕಿಲ್ಲ. ಮನೆ ಸ್ವಚ್ಛತೆ, ತೋಟದ ಕೆಲಸಗಳಿಗೆ ಪೂರ್ಣ ಪಿಂಚಣಿ ಪಡೆಯುವವರೂ ದರದ ಶೇ. 17.5ರಷ್ಟು ತೆರಬೇಕು. ಏಜ್ ಪೆನ್ಷನ್ನಿಗೆ ಸಾಮಾನ್ಯವಾಗಿ 10 ವರ್ಷಗಳ ವಾಸ ಬೇಕಾದರೂ, ಪೆನ್ಷನ್ ಇಲ್ಲವೆಂಬ ಕಾರಣಕ್ಕೆ ಅಸೆಸ್‌ಮೆಂಟ್ ನಿಲ್ಲುವುದಿಲ್ಲ. ಆದಾಯ ಮತ್ತು ಆಸ್ತಿಯ ಲೆಕ್ಕವನ್ನು ಸರ್ಕಾರಿ ಸಂಸ್ಥೆಯಾದ ಸರ್ವಿಸಸ್ ಆಸ್ಟ್ರೇಲಿಯಾ ಬೇರೆಯಾಗಿ ನೋಡುತ್ತದೆ.

ಆಮೇಲೆ ತೀರ್ಮಾನದ ಪತ್ರ, ಅದರೊಂದಿಗೆ ಯಾವ ನೆರವು ಬೇಕೆಂಬ ವಿವರವಿರುವ ಸಪೋರ್ಟ್ ಪ್ಲಾನ್ ಬರುತ್ತದೆ. ಅನುಮೋದನೆ ದೊರೆತ ಮಾತ್ರಕ್ಕೆ ಹಣ ಕೈಸೇರಿದಂತಲ್ಲ. ಆದ್ಯತೆಯ ಪ್ರಕಾರ ಸರದಿ ಕಾಯಬೇಕು, ಕೆಲವೊಮ್ಮೆ ಮೊದಲು ಶೇ. 60ರಷ್ಟು ಹಣ ಮಾತ್ರ ಬಿಡುಗಡೆಯಾಗುತ್ತದೆ. ಹಣ ಮಂಜೂರಾದ ಮೇಲೆ ಸೇವಾಸಂಸ್ಥೆಯನ್ನು ಆರಿಸಿಕೊಂಡು ಸೇವೆ ಆರಂಭಿಸಲು 56 ದಿನಗಳ ಗಡುವಿದೆ. ಪತ್ರ ಬಂದ ದಿನವೇ ಸಪೋರ್ಟ್ ಪ್ಲಾನನ್ನು ನಿಮ್ಮ ನೋಟ್‌ಬುಕ್ಕಿನ ಪಕ್ಕದಲ್ಲಿಟ್ಟು ಓದಿ: ಜಾರಿದ್ದು, ರಾತ್ರಿಯ ಎಚ್ಚರ, ಸ್ನಾನದ ನೆರವು ಅದರಲ್ಲಿ ಬಂದಿವೆಯೇ ಎಂದು ನೋಡಿ. ಬಂದಿಲ್ಲವಾದರೆ, ತೀರ್ಮಾನವನ್ನು ಮರುಪರಿಶೀಲಿಸುವಂತೆ ಬರಹದಲ್ಲಿ ಕೇಳಲು ಪತ್ರ ತಲುಪಿದಂದಿನಿಂದ 28 ದಿನಗಳ ಅವಕಾಶವಿದ್ದು, ಆ ಮನವಿ ಬರೆಯಲು ಹಿರಿಯರ ಪರವಾಗಿ ನಿಲ್ಲುವ ಓಪ್ಯಾನ್ (OPAN) ಎಂಬ ಉಚಿತ ಸೇವೆ 1800 700 600ರಲ್ಲಿ ನೆರವಾಗುತ್ತದೆ.