ಐದು ನದಿ ಹುಟ್ಟುವ ಬೆಟ್ಟದ ಸುತ್ತ ಸೈಕಲ್ ಹೊಡೆದೆ, ಒಂದೂ ಕಾಣಲಿಲ್ಲ. ಎಲ್ಲಿವೆ ನದಿಗಳು?

ಓದುಗರ ಪ್ರಶ್ನೆ: ಬೆಂಗಳೂರಿನಿಂದ ಮೌಂಟೇನ್ ಬೈಕ್ ತಂದು ನಂದಿ ಬೆಟ್ಟದ ಸುತ್ತ ದ್ರಾಕ್ಷಿ ತೋಟಗಳ ನಡುವೆ ಎರಡು ದಿನ ತಿರುಗಿದೆ. ತೋಟ ಸಿಕ್ಕವು, ದೂಳು ಸಿಕ್ಕಿತು, ಮೂರು ಪಂಕ್ಚರ್ ಆಯಿತು. ಐದು ನದಿ ಹುಟ್ಟುವ ಜಾಗ ಅಂತಾರಲ್ಲ, ಒಂದೂ ಕಾಣಲಿಲ್ಲ. ನದಿ ಪಕ್ಕದಲ್ಲೇ ಸೈಕಲ್ ಹೊಡೆಯಬೇಕು ಅಂದರೆ ಎಲ್ಲಿಗೆ ಹೋಗಬೇಕು?

ಉತ್ತರ: ನೀವು ಒಂದೆರಡು ಸಲವಾದರೂ ನದಿ ದಾಟಿರುತ್ತೀರಿ. ಗೊತ್ತಾಗಿಲ್ಲ ಅಷ್ಟೆ. ಕಾಲುವೆ ಅಂದುಕೊಂಡಿರಬಹುದು, ಇಲ್ಲವೇ ಜಾಲಿ ಬೆಳೆದ ಹಳ್ಳ ಅಂದುಕೊಂಡಿರಬಹುದು.

ದ್ರಾಕ್ಷಿ, ನದಿ, ಸೈಕಲ್ ಮೂರೂ ಒಟ್ಟಿಗೆ ಅಂದಾಗ ನಮ್ಮ ಕಣ್ಣಿಗೆ ಬರುವುದು ಯುರೋಪಿನ ಚಿತ್ರ. ಫ್ರಾನ್ಸಿನಲ್ಲಿ ಲ್ವಾರ್ ನದಿಯ ಜೊತೆಜೊತೆಗೇ ಸುಮಾರು 900 ಕಿಲೋಮೀಟರ್ ಸೈಕಲ್ ದಾರಿ ಇದೆ. ಜರ್ಮನಿಯ ಮೋಸೆಲ್ ನದಿಯ ದಂಡೆ ಮೇಲೆ ಗುಡ್ಡದ ತುಂಬ ದ್ರಾಕ್ಷಿ. ಅಲ್ಲಿ ನದಿಯಲ್ಲಿ ವರ್ಷವಿಡೀ ನೀರು ಇರುತ್ತದೆ, ದೋಣಿ ಓಡುತ್ತವೆ. ಅದೇ ಚಿತ್ರ ತಲೆಯಲ್ಲಿ ಇಟ್ಟುಕೊಂಡು ಚಿಕ್ಕಬಳ್ಳಾಪುರಕ್ಕೆ ಬಂದರೆ ನಿರಾಸೆ ಗ್ಯಾರಂಟಿ.

ಐದು ನದಿ ಅನ್ನುವುದೇನೂ ಸುಳ್ಳಲ್ಲ. ಅರ್ಕಾವತಿ, ಪಾಲಾರ್, ಚಿತ್ರಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ. ಪಾಪಾಗ್ನಿಯನ್ನೂ ಸೇರಿಸಿ ಆರು ಅನ್ನುವವರಿದ್ದಾರೆ. ಇವೆಲ್ಲ ನಂದಿ ಬೆಟ್ಟ ಮತ್ತು ಅದರ ಅಕ್ಕಪಕ್ಕದ ಬೆಟ್ಟಸಾಲಿನಿಂದ ಹೊರಡುವ ನೀರು. ನಂದಿಯ ಎತ್ತರ 1,478 ಮೀಟರ್. ಈ ಸಾಲಿನ ಮೇಲೆ ಬಿದ್ದ ಮಳೆ ಒಂದು ಕಡೆ ಇಳಿದರೆ ಅರ್ಕಾವತಿಯಾಗಿ ಹೆಸರಘಟ್ಟ, ರಾಮನಗರ ದಾಟಿ ಸಂಗಮದಲ್ಲಿ ಕಾವೇರಿ ಸೇರುತ್ತದೆ. ಇನ್ನೊಂದು ಕಡೆ ಇಳಿದರೆ ಉತ್ತರ ಪಿನಾಕಿನಿಯಾಗಿ ಗೌರಿಬಿದನೂರು ಮೇಲೆ ಆಂಧ್ರಕ್ಕೆ ಹೋಗಿ, ಪೆನ್ನಾ ಅನ್ನುವ ಹೆಸರಲ್ಲಿ ನೆಲ್ಲೂರಿನ ಹತ್ತಿರ ಸಮುದ್ರಕ್ಕೆ ಬೀಳುತ್ತದೆ. ಅದರ ಉದ್ದ 597 ಕಿಲೋಮೀಟರ್. ಬೆಟ್ಟದ ನೆತ್ತಿಯಲ್ಲಿ ಒಂದು ಬಂಡೆಯ ಆ ಕಡೆ, ಈ ಕಡೆ ಅಷ್ಟೇ ವ್ಯತ್ಯಾಸ.

ಆದರೆ ಹುಟ್ಟುವ ಜಾಗದಲ್ಲಿ ನದಿಗೆ ನದಿಯ ಆಕಾರ ಇರುವುದಿಲ್ಲ ಅಲ್ವಾ? ವರ್ಷಕ್ಕೆ ಬೀಳುವ ಮಳೆಯೇ 700-750 ಮಿಲಿಮೀಟರ್ ಆಸುಪಾಸು. ಅದೂ ಹೆಚ್ಚಿನದು ನಾಲ್ಕೈದು ತಿಂಗಳಲ್ಲಿ ಮುಗಿಯುತ್ತದೆ. ಇಲ್ಲಿನ ಹಳೆಯ ಜನ ಅದನ್ನು ಹರಿದುಹೋಗಲು ಬಿಡಲಿಲ್ಲ. ಹಳ್ಳಕ್ಕೆ ಅಡ್ಡ ಏರಿ ಹಾಕಿ ಕೆರೆ ಕಟ್ಟಿದರು. ತುಂಬಿದ ಮೇಲೆ ಹೆಚ್ಚಾದ ನೀರು ಕೋಡಿಯಿಂದ ಹೊರಟು ಕೆಳಗಿನ ಊರಿನ ಕೆರೆ ಸೇರುತ್ತದೆ. ಅದು ತುಂಬಿದರೆ ಅದರ ಕೆಳಗಿನದು. ಹೀಗೆ ಮಣಿ ಪೋಣಿಸಿದ ಹಾಗೆ ಕೆರೆಗಳು. ಅವುಗಳ ನಡುವಿನ ದಾರವೇ ನೀವು ಹುಡುಕುತ್ತಿರುವ ನದಿ.

ಒಂದು ಸಲ ನಾನೂ ನಿಮ್ಮ ಹಾಗೇ ಏರಿ ಮೇಲೆ ಸೈಕಲ್ ನಿಲ್ಲಿಸಿ, ಮೇಕೆ ಮೇಯಿಸುತ್ತಿದ್ದ ಒಬ್ಬರನ್ನು ಕೇಳಿದ್ದೆ: "ತಾತಾ, ಇಲ್ಲಿ ಹೊಳೆ ಎಲ್ಲೈತೆ?" ಅವರು ನನ್ನ ಹೆಲ್ಮೆಟ್ಟನ್ನೇ ಒಂದು ಗಳಿಗೆ ನೋಡಿದರು. "ಕೆರೆ ಕೋಡಿ ಬಿದ್ರೆ ಹೊಳೆ ಕಣಪ್ಪಾ. ಬೀಳ್ದಿದ್ರೆ ಮೇಕೆ ಮೇಯ್ಸೋ ಜಾಗ" ಅಂದರು. ಈ ಜಿಲ್ಲೆಯ ನದಿ ಬಗ್ಗೆ ಇದಕ್ಕಿಂತ ಸರಿಯಾದ ವಿವರಣೆ ನನಗೆ ಇನ್ನೂ ಸಿಕ್ಕಿಲ್ಲ.

ಹಾಗಾಗಿ ನನ್ನ ಸಲಹೆ: ನದಿ ಹುಡುಕಬೇಡಿ, ಕೆರೆಯಿಂದ ಕೆರೆಗೆ ಹೋಗಿ. ಫೋನಿನ ಮ್ಯಾಪಿನಲ್ಲಿ ಉಪಗ್ರಹ ಚಿತ್ರ ತೆರೆದರೆ ಸಾಲು ಗೊತ್ತಾಗುತ್ತದೆ. ಒಂದು ಕೆರೆಯ ಏರಿ ಹತ್ತಿ, ಕೋಡಿ ಎಲ್ಲಿದೆ ನೋಡಿ, ರಾಜಕಾಲುವೆಯ ಪಕ್ಕದ ಬಂಡಿ ದಾರಿ ಹಿಡಿಯಿರಿ. ಮೌಂಟೇನ್ ಬೈಕಿಗೆ ಏರಿಯಷ್ಟು ಒಳ್ಳೆಯ ದಾರಿ ಇಲ್ಲ. ಎತ್ತರದಲ್ಲಿರುತ್ತೀರಿ, ಒಂದು ಕಡೆ ಕೆರೆಯಂಗಳ, ಇನ್ನೊಂದು ಕಡೆ ಅಚ್ಚುಕಟ್ಟಿನ ಹಸಿರು. ಮಧ್ಯೆ ತೂಬಿನ ಕಲ್ಲುಕಂಬಗಳು. ಏರಿ ಇಳಿಯುವ ಕಡೆ ಮಾತ್ರ ದಿಢೀರನೆ ಇಳಿಜಾರು ಬರುತ್ತದೆ, ಮುಂದಿನ ಬ್ರೇಕು ಮೆಲ್ಲಗೆ ಹಿಡಿಯಿರಿ.

ಮೊದಲ ಸಲಕ್ಕೆ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದಿಂದ ಹೊರಡಿ. ಒಳಗಿನ ಕಲ್ಯಾಣಿ ನೋಡಿಕೊಂಡು, ಮುದ್ದೇನಹಳ್ಳಿ ಮೇಲೆ ಚಿಕ್ಕಬಳ್ಳಾಪುರದ ಕಂದವಾರ ಕೆರೆ ಕಡೆ ಬನ್ನಿ. ದೂರ ಜಾಸ್ತಿ ಇಲ್ಲ, ಅರ್ಧ ದಿನಕ್ಕೆ ಆರಾಮಾಗಿ ಆಗುತ್ತದೆ. ಮುದ್ದೇನಹಳ್ಳಿ ವಿಶ್ವೇಶ್ವರಯ್ಯನವರ ಊರು, ಅವರ ಸಮಾಧಿಯೂ ಅಲ್ಲೇ ಇದೆ. ಕನ್ನಂಬಾಡಿ ಕಟ್ಟಿಸಿದ ಎಂಜಿನಿಯರ್ ಹುಟ್ಟಿದ್ದು ತುಂಬಿದ ಹೊಳೆಯೇ ಇಲ್ಲದ ಊರಿನಲ್ಲಿ. ಅದಕ್ಕೇ ಇರಬೇಕು ಅಂತ ನನಗೆ ಪ್ರತಿ ಸಲ ಅನ್ನಿಸುತ್ತದೆ.

ಕಂದವಾರ ಕೆರೆಯಲ್ಲಿ ಬೇಸಿಗೆಯಲ್ಲೂ ನೀರು ಕಂಡರೆ ಖುಷಿಯಾಗಿ ಇಳಿಯಬೇಡಿ. ಬೆಂಗಳೂರಿನ ಚರಂಡಿ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ಹೆಬ್ಬಾಳ-ನಾಗವಾರ ಯೋಜನೆಯಲ್ಲಿ ನಮ್ಮ ಜಿಲ್ಲೆಯ ಕೆರೆಗಳಿಗೆ ತುಂಬಿಸುತ್ತಾರೆ. ಕೋಲಾರದಲ್ಲಿ ಇದೇ ಥರದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ) ಯೋಜನೆಯ ನೀರು 2018ರಿಂದ ಬರುತ್ತಿದೆ. ಅಂತರ್ಜಲ ಏರಿತು ಅನ್ನುವವರೂ ಇದ್ದಾರೆ, ಮೂರನೇ ಹಂತದ ಶುದ್ಧೀಕರಣ ಆಗಲೇಬೇಕು ಅಂತ ಹೋರಾಡುತ್ತಿರುವವರೂ ಇದ್ದಾರೆ. ನಾನು ಎರಡನೇ ಗುಂಪಿನವನು. ಸೈಕಲ್ ಸವಾರನ ಮಟ್ಟಿಗೆ ಇಷ್ಟು ಸಾಕು: ಆ ನೀರಲ್ಲಿ ಮುಖ ತೊಳೆಯಬೇಡಿ. ಕುಡಿಯಲು ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕ ಇರುತ್ತವೆ. ನಾಣ್ಯ ಹಾಕಿದರೆ ಕ್ಯಾನಿನ ಲೆಕ್ಕದಲ್ಲಿ ನೀರು ಸುರಿಯುತ್ತದೆ. ನಿಮ್ಮದು ಒಂದು ಲೀಟರ್ ಬಾಟಲಿ. ಹಿಂದೆ ನಿಂತವರ ಬಿಂದಿಗೆಯೂ ತುಂಬಲಿ, ಸುಮ್ನೆ ಚೆಲ್ಲಬೇಡಿ.

ಇನ್ನು ದ್ರಾಕ್ಷಿ. ಇಷ್ಟು ಒಣ ನೆಲದಲ್ಲಿ ಅದು ಹೇಗೆ ಬೆಳೆಯುತ್ತದೆ ಅನ್ನುವುದಕ್ಕೂ ನದಿ ಕಾಣದಿರುವುದಕ್ಕೂ ಸಂಬಂಧ ಇದೆ. ತೋಟದ ಮೂಲೆಯ ಕೊಳವೆಬಾವಿ ನೋಡಿ. ಸಾವಿರ ಅಡಿ ದಾಟಿದ್ದು ಇಲ್ಲಿ ಮಾಮೂಲಿ. ಬಂಡೆಯ ಬಿರುಕಿನಲ್ಲಿದ್ದ ನೀರನ್ನು ಮೇಲೆತ್ತಿ, ಡ್ರಿಪ್ ಪೈಪಿನಲ್ಲಿ ಹನಿಹನಿಯಾಗಿ ಬಳ್ಳಿಯ ಬುಡಕ್ಕೆ ಬಿಡುತ್ತಾರೆ. ಹಿಂದೆ ಅಂತರ್ಜಲ ಮೇಲಿದ್ದಾಗ ಅದೇ ಹಳ್ಳಕ್ಕೆ ಒಸರುತ್ತಿತ್ತು, ಮಳೆ ನಿಂತ ಮೇಲೂ ತಿಂಗಳುಗಟ್ಟಲೆ ನೀರು ಹರಿಯುತ್ತಿತ್ತು. ಈಗ ನೀರಿನ ಮಟ್ಟವೇ ಪಾತಾಳಕ್ಕೆ ಇಳಿದಿದೆ. ಜೊತೆಗೆ ನೀಲಗಿರಿ ತೋಪುಗಳು, ಒತ್ತುವರಿಯಾದ ರಾಜಕಾಲುವೆ, ಮರಳು ತೆಗೆದು ಬರಿದಾದ ಹಳ್ಳ. ರೈತನೊಬ್ಬನನ್ನೇ ಬೈದು ಪ್ರಯೋಜನವಿಲ್ಲ. ಬೆಂಗಳೂರಿಗರ ಹಣ್ಣು, ತರಕಾರಿ, ಹೂವು ಬರುವುದೂ ಇದೇ ನೀರಿನಿಂದ.

ನೀವು ನೋಡಿದ ತೋಟಗಳಲ್ಲಿ ಹೆಚ್ಚಿನವು ವೈನಿನ ತೋಟಗಳಲ್ಲ. ಕಲ್ಲುಕೂಚ ನೆಟ್ಟು, ತಂತಿ ಬಿಗಿದು, ತಲೆ ಮೇಲೆ ಚಪ್ಪರ ಹಬ್ಬಿಸಿದ್ದರೆ ಅದು ತಿನ್ನುವ ಹಣ್ಣಿನದು: ದಿಲ್‌ಖುಷ್, ಶರದ್, ಇಲ್ಲವೇ ನಮ್ಮ ಬೆಂಗಳೂರು ಬ್ಲೂ. ಬೆಂಗಳೂರು ಬ್ಲೂಗೆ 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಜ್ಯೂಸಿಗೆ, ಜಾಮಿಗೆ, ಸಿಹಿ ವೈನಿಗೆ ಹೋಗುತ್ತದೆ. ಸಿಪ್ಪೆ ದಪ್ಪ, ಬೀಜ ಇದೆ, ಆದರೆ ಆ ಪರಿಮಳ ಬೇರೆ ಯಾವ ದ್ರಾಕ್ಷಿಗೂ ಇಲ್ಲ ಅನ್ನುವ ಪಕ್ಷಪಾತ ನನ್ನದು. ಕ್ಯಾಬರ್ನೆ, ಶಿರಾಜ್ ಥರದ ವೈನ್ ತಳಿಗಳನ್ನು ಸಾಮಾನ್ಯವಾಗಿ ಬೇಲಿಯ ಹಾಗೆ ನೇರ ಸಾಲಿನಲ್ಲಿ ಬೆಳೆಸುತ್ತಾರೆ. ಅವು ಜಾಸ್ತಿ ಕಾಣುವುದು ಬೆಟ್ಟದ ದೊಡ್ಡಬಳ್ಳಾಪುರದ ಮಗ್ಗುಲಲ್ಲಿ. ವೈನ್ ರುಚಿ ನೋಡುವ ಆಸೆ ಇದ್ದರೆ ಸೈಕಲ್ ಸವಾರಿ ಮುಗಿಸಿದ ಮೇಲೆ ನೋಡಿ.

ಎಲೆ ಮೇಲೆ ತಿಳಿ ನೀಲಿ ಬಣ್ಣ ಕಂಡರೆ ಗಾಬರಿ ಬೇಡ, ಹಾಗಂತ ಮುಟ್ಟಲೂ ಬೇಡಿ. ಮೈಲುತುತ್ತ ಮತ್ತು ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಅದು, ಬೂಜು ರೋಗಕ್ಕೆ ಹೊಡೆಯುತ್ತಾರೆ. 1880ರ ದಶಕದಲ್ಲಿ ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ ಶುರುವಾದ ಮದ್ದು. ಯುರೋಪಿನ ನದಿ ನಮಗೆ ಸಿಗದಿದ್ದರೂ ಅಲ್ಲಿನ ಔಷಧಿ ಸಿಕ್ಕಿದೆ! ಮದ್ದು ಹೊಡೆಯುತ್ತಿದ್ದರೆ ಆ ತೋಟದ ಪಕ್ಕ ನಿಲ್ಲಬೇಡಿ. ಕೇಳದೆ ಒಳಗೂ ಹೋಗಬೇಡಿ. ಡ್ರಿಪ್ ಪೈಪಿನ ಮೇಲೆ ನಿಮ್ಮ ಟೈರು ಹತ್ತಿದರೆ ಒಂದು ಸಾಲಿನ ನೀರೇ ನಿಲ್ಲಬಹುದು.

ನಿಮ್ಮ ಮೂರು ಪಂಕ್ಚರ್ ವಿಷಯ. ಕೆರೆಯಂಗಳದಲ್ಲಿ ಬಳ್ಳಾರಿ ಜಾಲಿ, ಬಂಡಿ ದಾರಿಯಲ್ಲಿ ನೆಗ್ಗಿಲು ಮುಳ್ಳು. ಎರಡು ಇಂಚಿನ ಟೈರಾದರೂ ಚುಚ್ಚುತ್ತವೆ. ಟ್ಯೂಬ್‌ಲೆಸ್ ಮಾಡಿಸಿ ಒಳಗೆ ಸೀಲೆಂಟ್ (ತೂತನ್ನು ತಾನೇ ಮುಚ್ಚುವ ದ್ರವ) ಹಾಕಿಸಿದರೆ ಈ ಕಾಟ ಬಹುಪಾಲು ತಪ್ಪುತ್ತದೆ. ಇಲ್ಲದಿದ್ದರೆ ಎರಡು ಟ್ಯೂಬು, ಪಂಪು ಜೊತೆಗಿರಲಿ. ಗಾಳಿ ಕಲ್ಲಾಗುವಷ್ಟು ತುಂಬಬೇಡಿ. ಮಳೆ ಬಂದ ಮಾರನೇ ದಿನ ಕೆರೆಯಂಗಳಕ್ಕೆ ಇಳಿಯಲೇಬೇಡಿ. ಒಮ್ಮೆ ಇಳಿದು ನೋಡಿದ್ದೇನೆ. ಕೆರೆಗೋಡು ಚಕ್ರಕ್ಕೂ ಫೋರ್ಕಿಗೂ ನಡುವೆ ಮೆತ್ತಿಕೊಂಡು ಚಕ್ರ ತಿರುಗಲೇ ಇಲ್ಲ. ಸೈಕಲ್ ಹೆಗಲ ಮೇಲೆ ಹೊತ್ತು ಏರಿ ಹತ್ತಿದೆ, ಮೇಕೆಗಳು ಸಾಲಾಗಿ ನಿಂತು ನೋಡಿದವು. ಸುಗ್ಗಿ ಕಾಲದಲ್ಲಿ ಟಾರು ರಸ್ತೆ ಮೇಲೆ ರಾಗಿ, ಹುರುಳಿ ಹರಡಿರುತ್ತಾರೆ. ಅದರ ಮೇಲೆ ತಿರುವಿನಲ್ಲಿ ಬ್ರೇಕ್ ಹಿಡಿದರೆ ಜಾರುವುದು ಖಂಡಿತ.

ಇಷ್ಟೆಲ್ಲ ಕೇಳಿದ ಮೇಲೂ ನದಿ ಅನ್ನಿಸುವಂಥ ನದಿಯೇ ಬೇಕು ಅಂದರೆ ಗೌರಿಬಿದನೂರಿಗೆ ರೈಲು ಹಿಡಿಯಿರಿ. ಅಲ್ಲಿಂದ ವಿದುರಾಶ್ವತ್ಥಕ್ಕೆ ಹೋಗಿ. ಉತ್ತರ ಪಿನಾಕಿನಿ ಅಷ್ಟು ಹೊತ್ತಿಗೆ ಅಗಲವಾಗಿ ನದಿಯ ರೂಪಕ್ಕೆ ಬಂದಿರುತ್ತದೆ. ನೀರಿನ ಭರವಸೆ ಕೊಡಲಾರೆ. 1938ರ ಏಪ್ರಿಲ್‌ನಲ್ಲಿ ಧ್ವಜ ಸತ್ಯಾಗ್ರಹದ ಜನರ ಮೇಲೆ ಗೋಲಿಬಾರ್ ಆದ ಊರು ಅದು. ಸ್ಮಾರಕವನ್ನೂ ನೋಡಿಕೊಂಡು ಬನ್ನಿ.

ಒಳ್ಳೆಯ ಕಾಲ ಅಂದರೆ ಅಕ್ಟೋಬರ್ ಕೊನೆಯಿಂದ ಜನವರಿವರೆಗೆ. 2021ರಂಥ ಮಳೆ ಬಂದರೆ ಕೆರೆಗಳೆಲ್ಲ ಕೋಡಿ ಬೀಳುತ್ತವೆ, ಊರಿನವರು ಬಾಗಿನ ಹಿಡಿದು ಏರಿ ಮೇಲೆ ಸೇರುತ್ತಾರೆ. ನಿಮ್ಮ ನದಿ ಆಗ ನಿಜಕ್ಕೂ ಕಾಣುತ್ತದೆ, ಅದೂ ನೀವು ಹೋಗಬೇಕಾದ ರಸ್ತೆಯ ಮೇಲೇ ಅಡ್ಡ ಹರಿಯುತ್ತಾ. ಮೊಣಕಾಲುದ್ದ ನೀರು ತಾನೇ ಅಂತ ಇಳಿಯಬೇಡಿ, ಸೈಕಲ್ ಸಮೇತ ಎಳೆದುಕೊಂಡು ಹೋಗುತ್ತದೆ. ಈ ಕಡೆ ದಡದಲ್ಲೇ ನಿಂತು ನೋಡಿ, ಬಂದ ದಾರಿಯಲ್ಲೇ ವಾಪಸ್ ಹೊರಡಿ.