ಹಾಡುವ ಐಸ್ ಪೆಟ್ಟಿಗೆ

ಪಿಕ್‌ನಿಕ್‌ಗೆ ಒಯ್ಯುವ ಐಸ್ ಬಾಕ್ಸು, ಅದರ ಮುಚ್ಚಳದಲ್ಲೇ ಒಂದು ರೇಡಿಯೋ. ನೋಡಿದರೆ ನಗು ಬರುತ್ತದೆ, ಅಲ್ವಾ? ಆದರೆ ಇವೆರಡೂ ಒಂದೇ ವಾರಿಗೆಯವು. ಅಮೆರಿಕದ ರಿಚರ್ಡ್ ಲಾರಮಿ ಎಂಬವರಿಗೆ ಎತ್ತಿಕೊಂಡು ಹೋಗುವ ಐಸ್ ಪೆಟ್ಟಿಗೆಯ ಪೇಟೆಂಟ್ ಸಿಕ್ಕಿದ್ದು 1953ರಲ್ಲಿ. ಮರುವರ್ಷದ ಕೊನೆಗೆ ಅಲ್ಲಿನ ಅಂಗಡಿಗಳಿಗೆ ರೀಜೆನ್ಸಿ ಟಿಆರ್-1 ಎಂಬ ಪುಟ್ಟ ಟ್ರಾನ್ಸಿಸ್ಟರ್ ರೇಡಿಯೋ ಬಂತು. ಒಳಗೆ ಬರೀ 4 ಟ್ರಾನ್ಸಿಸ್ಟರ್, ಬೆಲೆ 49.95 ಡಾಲರ್. ಆಮೇಲೆ ಯಾರಿಗೋ ಇವೆರಡನ್ನೂ ಗಂಟು ಹಾಕೋಣ ಅನ್ನಿಸಿದೆ.

ಗಂಟೇನೋ ಬಿತ್ತು, ಇಬ್ಬರ ಹಸಿವು ಮಾತ್ರ ಬೇರೆ ಬೇರೆ.

ನಮ್ಮ ಮೀನಿನವರ ಹತ್ತಿರ ಇರುತ್ತದಲ್ಲ, ಅಂಥ ಥರ್ಮೋಕೋಲ್ ಡಬ್ಬಿಯನ್ನೇ ತಗೊಳ್ಳಿ. 25 ಲೀಟರಿನದು, ಗೋಡೆ ಎರಡೂವರೆ ಸೆಂಟಿಮೀಟರ್ ದಪ್ಪ. ಹೊರಗೆ 30 ಡಿಗ್ರಿ, ಒಳಗೆ ಐಸ್. ಗೋಡೆ ದಾಟಿ ಸುಮಾರು 20 ವ್ಯಾಟ್ ಶಾಖ, ಅಂದರೆ ಸೆಕೆಂಡಿಗೆ 20 ಜೌಲ್, ಸುಮ್ನೆ ಒಳಗೆ ಬರುತ್ತಲೇ ಇರುತ್ತದೆ. ಒಂದು ಗ್ರಾಂ ಐಸ್ ಕರಗಲು 334 ಜೌಲ್ ಬೇಕು. ಲೆಕ್ಕ ಹಾಕಿದರೆ ಗಂಟೆಗೆ 200 ಗ್ರಾಂಗೂ ಜಾಸ್ತಿ ಐಸ್ ನೀರಾಗುತ್ತದೆ. ಎರಡು ಕಿಲೋ ಐಸ್ ಹಾಕಿದರೆ ಬೆಳಗ್ಗೆ ಹೊರಟವರಿಗೆ ಸಂಜೆ ತನಕ ಬಂತು.

ರೇಡಿಯೋ? ಹದವಾದ ದನಿಯಲ್ಲಿ ಹಾಡಲು ಅದಕ್ಕೆ ವ್ಯಾಟಿನ ಹತ್ತನೇ ಒಂದು ಪಾಲು ಸಾಕು. ಅದರ ಬಿಸಿಗೆ ಐಸ್ ಕರಗೀತು ಅನ್ನೋ ಭಯ ಬೇಡ.

ತೊಂದರೆ ಇರುವುದು ರೇಡಿಯೋ ಕೂತ ಜಾಗದಲ್ಲಿ. ಸ್ಪೀಕರ್, ಬ್ಯಾಟರಿಗೆಲ್ಲ ಜಾಗ ಬೇಕಲ್ಲ, ಅದಕ್ಕೆ ಮುಚ್ಚಳದ ಥರ್ಮೋಕೋಲ್ ಕೊರೆಯಬೇಕು. 15 ಸೆಂಟಿಮೀಟರ್ ಉದ್ದಗಲದ ಗುಂಡಿ ತೋಡಿ, ಅಡಿಯಲ್ಲಿ ಅರ್ಧ ಸೆಂಟಿಮೀಟರ್ ಮಾತ್ರ ಉಳಿಸಿದಿರಿ ಅಂದುಕೊಳ್ಳಿ. ಆ ತುಂಡಿನಿಂದ ನುಸುಳುವ ಶಾಖ ಐದು ಪಟ್ಟಾಗುತ್ತದೆ. ಅಂದರೆ ಹೆಚ್ಚುಕಮ್ಮಿ 4 ವ್ಯಾಟ್ ಜಾಸ್ತಿ. ಹಾಡಿಗಿಂತ ಹಾಡುಗಾರನ ಆಸನವೇ 40 ಪಟ್ಟು ದುಬಾರಿ!

ಆ ತೆಳ್ಳನೆ ಜಾಗ ತಣ್ಣಗಾಗಿ ಅಲ್ಲೇ ಹನಿ ಕಟ್ಟುತ್ತದೆ, ಲೋಟದ ಹೊರಮೈಗೆ ಕಟ್ಟುವ ಹಾಗೆ. ಮೇಲಿರುವುದು ಸರ್ಕ್ಯೂಟು. ಒದ್ದೆಯಾದರೆ ಗೊತ್ತಲ್ಲ ಕಥೆ.

ಆಸೆ ರೇಡಿಯೋಗೇ ನಿಲ್ಲಲಿಲ್ಲ ಅನ್ನಿ. 2014ರಲ್ಲಿ ‘ಕೂಲೆಸ್ಟ್ ಕೂಲರ್’ ಅನ್ನೋ ಪೆಟ್ಟಿಗೆಗೆ ಅಮೆರಿಕದಲ್ಲಿ ಜನ ಮುಂಗಡವಾಗಿ 1.3 ಕೋಟಿ ಡಾಲರಿಗೂ ಮೀರಿ ಹಣ ಸುರಿದರು. ಬ್ಲೂಟೂತ್ ಸ್ಪೀಕರ್ ಜೊತೆಗೆ ಮಿಕ್ಸಿಯೂ ಇತ್ತು! 2019ರಲ್ಲಿ ಕಂಪನಿ ಬಾಗಿಲು ಹಾಕಿತು. ಸಾವಿರಾರು ಜನರಿಗೆ ಪೆಟ್ಟಿಗೆ ಕೈಸೇರಲೇ ಇಲ್ಲ.

ನನಗೆ ಮಾತ್ರ ಹಳೇ ಮೀಡಿಯಂ ವೇವ್ ರೇಡಿಯೋ ಇರೋ ಪೆಟ್ಟಿಗೆಯೇ ಇಷ್ಟ. ಅದರೊಳಗೆ ತಂತಿ ಸುತ್ತಿದ ಕಪ್ಪು ಫೆರೈಟ್ ಕಡ್ಡಿ ಇರುತ್ತದೆ. ಅದೇ ಆಂಟೆನಾ. ಕಡ್ಡಿಯ ತುದಿ ನಿಲಯದತ್ತ ನೆಟ್ಟಗೆ ತಿರುಗಿದರೆ ದನಿ ಸೊರಗುತ್ತದೆ, ಅಡ್ಡಡ್ಡ ನಿಂತರೆ ಜೋರಾಗುತ್ತದೆ. ಹಾಗಾಗಿ ಮಜ್ಜಿಗೆ ತೆಗೆಯಲು ಯಾರೋ ಪೆಟ್ಟಿಗೆಯನ್ನು ತಮ್ಮ ಕಡೆ ತಿರುಗಿಸಿಕೊಂಡರೆ ಕಾಮೆಂಟರಿ ಮಾಯ. ಸ್ಕೋರ್ ಬೇಕಾದವರು ಎದ್ದು ಬಂದು, ಪೆಟ್ಟಿಗೆಯನ್ನು ಮತ್ತೆ ಅಡ್ಡ ಇಟ್ಟು ಹೋಗಬೇಕು.